ಬೆಳ್ಳಿಯ ಕರಡಿಗೆ: ಹೆಸರು, ರೂಪ, ಚರಿತ್ರೆ

ಮನುಷ್ಯನು ಮೈಮೇಲೆ ಧರಿಸುವ ವಸ್ತುಗಳಲ್ಲಿ ಕೆಲವು ಅಲಂಕಾರಕ್ಕಾಗಿ, ಕೆಲವು ಉಪಯೋಗಕ್ಕಾಗಿ ಹುಟ್ಟಿದವು. ವೀರಶೈವರ ಬೆಳ್ಳಿಯ ಕರಡಿಗೆಯು ಈ ಎರಡು ವರ್ಗಗಳಿಗೂ ಪೂರ್ಣವಾಗಿ ಸೇರದ ವಸ್ತು. ನೋಡುವವರ ಕಣ್ಣಿಗೆ ಅದು ಆಭರಣ. ಧರಿಸಿದವರಿಗೆ ಇಷ್ಟಲಿಂಗದ ಆವಾಸ. ಇಂದು ಬರಿದಾದ ಹಳೆಯ ಕರಡಿಗೆಗಳು ಪುರಾತನ ವಸ್ತುಗಳ ಅಂಗಡಿಗಳಲ್ಲಿ ಪದಕಗಳಂತೆ ಮಾರಾಟವಾಗುತ್ತಿವೆ. ಇನ್ನು ಕೆಲವು ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಹೋಗುತ್ತಿವೆ. ಆದುದರಿಂದ ಅವುಗಳ ಪೂರ್ವೋತ್ತರವನ್ನು ಅರಿಯುವುದು ಅವಶ್ಯವಾಗಿದೆ.

ಮೊದಲು ಹೆಸರಿನ ವಿಚಾರ. ವಚನ ಸಾಹಿತ್ಯವನ್ನು ಓದುವ ವಿದ್ಯಾರ್ಥಿಗೆ ಶಿವದಾರದ ಜೊತೆಯಲ್ಲಿ ‘ಸಜ್ಜೆ’ ಎಂಬ ಪದ ಎದುರಾಗುತ್ತದೆ. ಇದು ರೊಟ್ಟಿ ಮಾಡುವ ಸಜ್ಜೆಯಲ್ಲ. ಸಂಸ್ಕೃತದ ‘ಶಯ್ಯಾ’ ಶಬ್ದದ ತದ್ಭವ. ಲಿಂಗವು ಪವಡಿಸುವ ಸ್ಥಾನವೆಂಬುದೇ ಅದರ ಮೂಲಾರ್ಥ. ‘ಕರಡಿಗೆ’ ಎಂಬುದಾದರೋ ‘ಕರಂಡಕ’ದಿಂದ ಬಂದುದು, ಮುಚ್ಚಳವುಳ್ಳ ಚಿಕ್ಕ ಸಂಪುಟವೆಂದು ಅರ್ಥ. ಒಂದು ಹೆಸರು ಒಳಗಿರುವ ಲಿಂಗವನ್ನು ನೆನೆದು ಹುಟ್ಟಿತು, ಇನ್ನೊಂದು ಹೊರಗಿನ ಆಕಾರವನ್ನು ನೋಡಿ ಹುಟ್ಟಿತು. ಕರಡಿಗೆಯ ಚರಿತ್ರೆಯೆಲ್ಲವೂ ಈ ಎರಡು ದೃಷ್ಟಿಗಳ ನಡುವೆಯೇ ನಡೆದಿದೆ.

ರೂಪದಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಗುಂಡಾಗಿರುವ ಅಥವಾ ತುಸು ನೀಳವಾಗಿ ಮೊಟ್ಟೆಯಂತಿರುವುದು ಗುಂಡುಗಡಿಗೆ. ನಡುವೆ ನಾಲ್ಕು ಮೂಲೆಯ ಪೆಟ್ಟಿಗೆಯಿದ್ದು, ಎರಡು ಪಕ್ಕಗಳಿಗೂ ಮೊನೆಯಾದ ಕೋಡುಗಳು ಚಾಚಿಕೊಂಡಿರುವುದು ಚೌಕ. ಎರಡರಲ್ಲಿಯೂ ಬೆಳ್ಳಿಯ ತಗಡನ್ನು ಬಡಿದು, ಒಳಗೆ ಟೊಳ್ಳಾಗಿರುವಂತೆ ರೂಪಿಸಿ, ಬೆಸುಗೆ ಹಾಕುತ್ತಾರೆ. ಶಿವದಾರ ಪೋಣಿಸಲು ಬಳೆಗಳಿರುತ್ತವೆ. ವಸ್ತ್ರದಲ್ಲಿ ಸುತ್ತಿದ ಲಿಂಗವು ಒಳಗೆ ಅಲುಗದಂತೆ, ದಿನವೂ ಪೂಜೆಯ ವೇಳೆಯಲ್ಲಿ ಸುಲಭವಾಗಿ ತೆರೆಯುವಂತೆ, ನಡೆಯುವಾಗ ತಾನಾಗಿ ತೆರೆದುಕೊಳ್ಳದಂತೆ ಅದನ್ನು ರಚಿಸಬೇಕು. ಕರಡಿಗೆಯ ಚೆಲುವು ಈ ಮೂರು ಅಗತ್ಯಗಳಿಗೆ ಅಧೀನವಾದುದು.

ಬೆಳ್ಳಿಯನ್ನು ಆರಿಸಿಕೊಂಡುದಕ್ಕೂ ಕಾರಣವುಂಟು. ಅದು ಕಬ್ಬಿಣದಂತೆ ತುಕ್ಕು ಹಿಡಿಯದು. ಸುತ್ತಿಗೆಯ ಪೆಟ್ಟಿಗೆ ಸುಲಭವಾಗಿ ಮಣಿಯುತ್ತದೆ. ಚಿನ್ನದಷ್ಟು ದುಬಾರಿಯೂ ಅಲ್ಲ. 1835ರಿಂದ ಕಂಪನಿ ಸರ್ಕಾರವು ಹೊರಡಿಸಿದ ಏಕರೂಪದ ರೂಪಾಯಿಯು ಒಂದು ತೊಲ, ಎಂದರೆ ಸುಮಾರು 11.66 ಗ್ರಾಂ ತೂಗುತ್ತಿತ್ತು; ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಕೂಡಿಟ್ಟ ರೂಪಾಯಿಗಳನ್ನೇ ಕರಗಿಸಿ ಒಡವೆ ಮಾಡಿಸುವುದು ಆಗ ದೇಶದಲ್ಲೆಲ್ಲ ರೂಢಿಯಲ್ಲಿತ್ತು. 1940ರಲ್ಲಿ ನಾಣ್ಯದ ಬೆಳ್ಳಿಯ ಅಂಶವು ಅರ್ಧಕ್ಕೆ ಇಳಿದ ಮೇಲೆ ಆ ಅನುಕೂಲವು ಇಲ್ಲವಾಯಿತು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಆಡಂಬರವನ್ನು ನಿರಾಕರಿಸಿದ ಶರಣರ ಮಾರ್ಗದಲ್ಲಿ ಬೆಳ್ಳಿಗೆ ಸ್ಥಾನವೆಲ್ಲಿಯದು? ಲಿಂಗಧಾರಣೆಗೆ ಬೆಳ್ಳಿಯು ಅನಿವಾರ್ಯವಲ್ಲವೆಂಬುದೇ ಇದಕ್ಕೆ ಉತ್ತರ. ಬಡವನು ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಕೊರಳಲ್ಲಿ ಧರಿಸಿದರೂ ಧಾರಣೆಗೆ ಕೊರತೆಯಿಲ್ಲ. ಕರಡಿಗೆಯ ತೂಕದಿಂದ ಭಕ್ತಿಯನ್ನು ಅಳೆಯತೊಡಗಿದರೆ ಸಜ್ಜೆಯು ಕೇವಲ ಒಡವೆಯಾಗುತ್ತದೆ. ಆದರೆ ಇಷ್ಟರಿಂದ ಹಳೆಯ ಕರಡಿಗೆಯು ಉಪೇಕ್ಷೆಗೆ ಅರ್ಹವೆಂದು ತಿಳಿಯಬಾರದು.

ಏಕೆಂದರೆ, ಭಕ್ತನು ಲಿಂಗೈಕ್ಯನಾದಾಗ ಇಷ್ಟಲಿಂಗವು ಅವನ ಅಂಗೈಯಲ್ಲಿದ್ದು ಅವನೊಡನೆಯೇ ಸಮಾಧಿಯನ್ನು ಸೇರುತ್ತದೆ. ಹಲವು ಮನೆಗಳಲ್ಲಿ ಬೆಳ್ಳಿಯ ಕರಡಿಗೆ ಮಾತ್ರ ಉಳಿದು, ಮುಂದೆ ಮಗನ ಅಥವಾ ಮೊಮ್ಮಗನ ಲಿಂಗಕ್ಕೆ ಆಶ್ರಯವಾಗುತ್ತದೆ. ಲಿಂಗವು ಒಬ್ಬೊಬ್ಬರದು, ಕರಡಿಗೆ ತಲೆಮಾರುಗಳದು. ಸವೆದು ತೆಳುವಾದ ಬಳೆ, ಎದೆಗೆ ತಾಗುವ ಬದಿಯಲ್ಲಿ ನುಣುಪಾದ ಕೆತ್ತನೆ, ಬೇರೆ ಬಣ್ಣದಲ್ಲಿ ಎದ್ದು ಕಾಣುವ ರಿಪೇರಿಯ ಬೆಸುಗೆ, ಒಳಮೈಯಲ್ಲಿ ಉಳಿದ ಸುತ್ತಿಗೆಯ ಗುರುತು — ಇವು ಆ ದೀರ್ಘ ಬಳಕೆಯ ಸಾಕ್ಷಿಗಳು. ಹೊರಗಿನ ಕಪ್ಪು ಬಣ್ಣವೊಂದನ್ನೇ ನೋಡಿ ಪ್ರಾಚೀನತೆಯನ್ನು ನಿರ್ಣಯಿಸಲಾಗದು. ಗಂಧಕದ ಸಂಪರ್ಕದಿಂದ ಹೊಸ ಬೆಳ್ಳಿಯನ್ನೂ ಬೇಗನೆ ಕಪ್ಪಾಗಿಸಬಹುದು.

ತಕ್ಕಡಿಗೆ ಈ ಗುರುತುಗಳು ಕಾಣುವುದಿಲ್ಲ. ಅದು ಬೆಳ್ಳಿಯನ್ನು ತೂಗುತ್ತದೆ, ಬೆಸುಗೆಯ ಭಾಗವನ್ನು ಕಳೆಯುತ್ತದೆ, ಬೆಲೆ ಹೇಳುತ್ತದೆ. ಸಂಗ್ರಾಹಕನು ರೂಪವನ್ನು ಮೆಚ್ಚಿ ಹೆಚ್ಚು ಹಣ ಕೊಡಬಹುದು. ಆದರೆ ಅದು ಯಾವ ಊರಿನದು, ಯಾರು ಧರಿಸಿದ್ದು ಎಂಬ ಸಂಗತಿ ಮಾರಾಟದೊಡನೆಯೇ ಅಳಿದುಹೋಗುತ್ತದೆ. 1972ರ ಪುರಾತನ ವಸ್ತುಗಳ ಕಾಯಿದೆಯು 1976ರಲ್ಲಿ ಜಾರಿಗೆ ಬಂದಿತು. ನೂರು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಮಹತ್ತ್ವದ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವುದನ್ನು ಅದು ನಿಷೇಧಿಸುತ್ತದೆ. ಆದರೆ ಮನೆಯವರೇ ಮರೆತುದನ್ನು ಯಾವ ಕಾಯಿದೆಯೂ ಉಳಿಸಿಕೊಡಲಾರದು.

ಕಷ್ಟಕಾಲದಲ್ಲಿ ಬೆಳ್ಳಿಯನ್ನು ಮಾರುವುದು ತಪ್ಪಲ್ಲ. ಜೀವಕ್ಕಿಂತ ಲೋಹ ಹಿರಿದಲ್ಲ. ಆದರೆ ಅದಕ್ಕೆ ಮುನ್ನ ಒಂದು ಛಾಯಾಚಿತ್ರ ತೆಗೆಸಿ, ತೂಕ ಮತ್ತು ಅಳತೆಗಳನ್ನು ಗುರುತಿಸಿ, ಮನೆಯ ಹಿರಿಯರನ್ನು ಕೇಳಿ ಧರಿಸಿದವರ ಹೆಸರುಗಳನ್ನು ಬರೆದಿಡಬಹುದು. ಇದಕ್ಕೆ ಬೇಕಾಗುವುದು ಒಂದು ಹಾಳೆ, ಅರ್ಧ ಗಂಟೆಯ ವ್ಯವಧಾನ. ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು.