ಮಾಂಟ್ರಿಯಲ್: ಜಗಳ ಕಂಡ ನಿಲ್ದಾಣ

ಮಾಂಟ್ರಿಯಲ್‌ನ ವಿಮಾನ ನಿಲ್ದಾಣದ ಫಲಕಗಳಲ್ಲಿ ಮೊದಲು ಫ್ರೆಂಚ್, ಆಮೇಲೆ ಇಂಗ್ಲಿಷ್. 2024ರಲ್ಲಿ ಇಲ್ಲಿ ಓಡಾಡಿದ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಅದನ್ನು ವಿಶೇಷವೆಂದು ನೋಡಿದವರು ಕಡಿಮೆಯೇ ಇರಬೇಕು. ಆದರೆ 1976ರ ಜೂನ್‌ನಲ್ಲಿ ಭಾಷೆಯ ಕಾರಣಕ್ಕೇ ಕೆನಡಾದ ವಿಮಾನಗಳು ದಿನಗಟ್ಟಲೆ ನೆಲ ಬಿಡಲಿಲ್ಲ.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಭಾಷಿಕ ಪೈಲಟ್‌ಗಳು ನಿಯಂತ್ರಣ ಗೋಪುರದ ಜೊತೆ ಫ್ರೆಂಚಿನಲ್ಲಿ ಮಾತಾಡುತ್ತೇವೆಂದರು. ಇಂಗ್ಲಿಷ್ ಭಾಷಿಕ ಪೈಲಟ್‌ಗಳು ಒಪ್ಪದೆ ಮುಷ್ಕರ ಹೂಡಿದರು. ಅವರ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು: ರೇಡಿಯೊದಲ್ಲಿ ಪಕ್ಕದ ವಿಮಾನಕ್ಕೆ ಹೇಳಿದ್ದೂ ಎಲ್ಲರ ಕಿವಿಗೆ ಬೀಳುತ್ತದೆ; ಅದು ಅರ್ಥವಾದರೆ ಆ ವಿಮಾನ ಎಲ್ಲಿದೆ ಎಂದು ಊಹಿಸಬಹುದು. ಆದರೆ ಸುರಕ್ಷತೆಯ ಮಾತಿನ ಮರೆಯಲ್ಲಿ ಹಳೆಯ ಯಜಮಾನಿಕೆಯೂ ಇತ್ತು. ಮಾಂಟ್ರಿಯಲ್ ಒಲಿಂಪಿಕ್ಸ್ ಹೊಸ್ತಿಲಲ್ಲಿದ್ದಾಗ ಸರ್ಕಾರ ಮುಷ್ಕರ ನಿರತರಿಗೆ ಮಣಿದು ರಾಜಿಯಾಯಿತು. ಅದನ್ನು ಸಹಿಸದೆ ಸಚಿವ ಜಾನ್ ಮಾರ್ಷಾಂ ರಾಜೀನಾಮೆ ಕೊಟ್ಟರು. ಅದೇ ನವೆಂಬರ್‌ನಲ್ಲಿ ಪ್ರತ್ಯೇಕತಾವಾದಿ ರೆನೆ ಲೆವೆಕ್ ಅವರ ಪಕ್ಷ ಕ್ವಿಬೆಕ್‌ನಲ್ಲಿ ಗೆದ್ದಿತು. 1979ರಲ್ಲಿ ತನಿಖಾ ಆಯೋಗ, ಎರಡು ಭಾಷೆ ಬಳಸಿದರೆ ಅಪಾಯವಿಲ್ಲ ಎಂದಿತು. ಜಗಳ ಅಲ್ಲಿಗೆ ಮುಗಿಯಿತು.

ಆಗ ಪ್ರಧಾನಿಯಾಗಿದ್ದವರು ಪಿಯೆರ್ ಟ್ರೂಡೊ; 1969ರಲ್ಲಿ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾಯ್ದೆ ತಂದವರು. ಅವರ ಸರ್ಕಾರವೇ ಇನ್ನೊಂದು ದುಬಾರಿ ಎಡವಟ್ಟನ್ನೂ ಮಾಡಿತು. 1941ರಿಂದ ನಡೆಯುತ್ತಿದ್ದ ಮಾಂಟ್ರಿಯಲ್‌ನ ಡೋರ್ವಾಲ್ ನಿಲ್ದಾಣ ಇನ್ನು ಸಾಲದು ಎಂದು ಊರಿನಿಂದ ಸುಮಾರು 55 ಕಿ.ಮೀ. ದೂರದ ಮಿರಾಬೆಲ್‌ನಲ್ಲಿ ರೈತರಿಂದ 97,000 ಎಕರೆಯಷ್ಟು ಭೂಮಿ ಕಿತ್ತುಕೊಂಡಿತು. 1975ರಲ್ಲಿ ಮಿರಾಬೆಲ್ ತೆರೆಯಿತು. ಅಂತರರಾಷ್ಟ್ರೀಯ ವಿಮಾನ ಅಲ್ಲಿ, ದೇಶದೊಳಗಿನವು ಡೋರ್ವಾಲ್‌ನಲ್ಲಿ! ಎರಡರ ನಡುವೆ ರೈಲು ಬರಲೇ ಇಲ್ಲ. ವಿಮಾನ ಬದಲಿಸುವವರಿಗೆ ರಸ್ತೆಯೇ ಗತಿ. ಮಾಂಟ್ರಿಯಲ್‌ಗೆ ಬರಬೇಕಿದ್ದವರು ಟೊರೊಂಟೊದತ್ತ ಹೊರಳಿದರು. 1997ರಲ್ಲಿ ವಿದೇಶಿ ವಿಮಾನಗಳು ಡೋರ್ವಾಲ್‌ಗೆ ಮರಳಿದವು, 2004ರಲ್ಲಿ ಮಿರಾಬೆಲ್‌ನ ಪ್ರಯಾಣಿಕ ಸೇವೆ ನಿಂತಿತು. ವಶಪಡಿಸಿಕೊಂಡ ಭೂಮಿಯ ಬಹುಪಾಲು ವಾಪಸ್ಸಾಗಿದೆ, ಆದರೆ ಒಕ್ಕಲೆಬ್ಬಿಸಿದ ಕುಟುಂಬಗಳ ಕೋಪ ಆರಲು ತಲೆಮಾರೇ ಬೇಕಾಯಿತು. ಟರ್ಮಿನಲ್ ಕಟ್ಟಡವನ್ನು ಕೆಡವಿದ್ದಾರೆ. ಈಗ ಅಲ್ಲಿ ಸರಕು ವಿಮಾನಗಳು ಬರುತ್ತವೆ, ಏರ್‌ಬಸ್ ಎ220 ವಿಮಾನಗಳ ಜೋಡಣೆ ನಡೆಯುತ್ತದೆ.

ಉಳಿದುಕೊಂಡ ಡೋರ್ವಾಲ್‌ಗೆ 2004ರಲ್ಲಿ ಇಟ್ಟ ಹೆಸರು ಮಾತ್ರ ಪಿಯೆರ್ ಟ್ರೂಡೊ ಅವರದೇ! ಕ್ವಿಬೆಕ್ ರಾಷ್ಟ್ರೀಯವಾದಿಗಳಿಗೂ ಮಿರಾಬೆಲ್ ರೈತರಿಗೂ ಅದು ಸಿಟ್ಟು ತರಿಸಿದ್ದು ಸಹಜ. ಈ ನಿಲ್ದಾಣದಿಂದ ಊರಿನ ನಡುವಿಗೆ ಹಗಲಿರುಳು ಹೋಗುವ ಸಿಟಿ ಬಸ್ಸಿಗೆ ಬೋಯಿಂಗ್ ವಿಮಾನದ 747 ಎಂಬ ಸಂಖ್ಯೆ ಕೊಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು.