ದೇಶಭಕ್ತಿಗೆ ಹತ್ತು ಅಂಕ

ನಮ್ಮ ಕಾಲೇಜಿನಲ್ಲಿ ದೇಶಭಕ್ತಿಗೆ ಹತ್ತು ಅಂಕ. ಇದು ನನ್ನ ಕುಚೋದ್ಯವಲ್ಲ. ಪದವಿ ತರಗತಿಯಲ್ಲಿ ಏನನ್ನು ಓದುವವರಿಗೂ ಭಾರತ ಸಂವಿಧಾನವೆಂಬ ಪತ್ರಿಕೆಯೊಂದು ಕಡ್ಡಾಯ. ಅದರ ಆಂತರಿಕ ಅಂಕಗಳಲ್ಲಿ ಹತ್ತನ್ನು ಲೇಖನಕಾರ್ಯಕ್ಕೆಂದು ತೆಗೆದಿಟ್ಟಿದ್ದಾರೆ. ಈ ಸಲ ಅಧ್ಯಾಪಕರು ಕೊಟ್ಟ ವಿಷಯ ‘ದೇಶಭಕ್ತಿ ಮತ್ತು ಸಂವಿಧಾನ’. ಲೇಖನಕಾರ್ಯವೆಂಬ ಮಾತನ್ನು ನಾನು ಈ ಪುಟದ ಮರ್ಯಾದೆಗಾಗಿ ಬಳಸುತ್ತಿದ್ದೇನೆ. ನಾವೆಲ್ಲ ಅದನ್ನು ಕರೆಯುವುದು ಅಸೈನ್‌ಮೆಂಟ್ ಎಂದೇ.

ನಿಬಂಧನೆಗಳು ಮೂರು. ಐವರು ಸೇರಿ ಒಂದು ಪ್ರಬಂಧ ಬರೆಯತಕ್ಕದ್ದು. ಇಪ್ಪತ್ತು ಪುಟಕ್ಕೆ ಕಡಮೆಯಾಗದಂತೆ, ಕೈಬರಹದಲ್ಲೇ ಇರತಕ್ಕದ್ದು. ಗಣರಾಜ್ಯೋತ್ಸವದ ಮರುದಿನ ಹನ್ನೊಂದು ಗಂಟೆಯೊಳಗೆ ಒಪ್ಪಿಸತಕ್ಕದ್ದು. ಇಷ್ಟು ಹೇಳಿ ಬಾಗಿಲವರೆಗೆ ಹೋದ ಅಧ್ಯಾಪಕರು ತಿರುಗಿ ನಿಂತು, “ಕೆಲಸ ಮಾಡದವರ ಹೆಸರು ಹಾಕಬೇಕಾಗಿಲ್ಲ” ಎಂದರು. ನಿಬಂಧನೆಗಳಲ್ಲಿ ಸೇರದ ಈ ಮಾತೇ ಮುಂದೆ ನನಗೆ ಮುಳ್ಳಾಯಿತು.

ಬರೆಯುವುದು ನನಗೆ ಕಷ್ಟವಲ್ಲ. ಬರೆಯಲು ಕೂರುವುದು ಕಷ್ಟ. ನಮ್ಮೂರು ನಂಜನಗೂಡಿನ ಆಚೆಯ ಒಂದು ಹಳ್ಳಿ. ಬೆಳಗ್ಗೆ ಐದಕ್ಕೆ ಎದ್ದು, ಎರಡು ಹಸುಗಳ ಕೊಟ್ಟಿಗೆ ಬಳಿದು, ಹಾಲನ್ನು ಡೈರಿಗೆ ಹಾಕಿ, ಏಳೂಕಾಲರ ಬಸ್ಸಿಗೆ ಓಡಬೇಕು. 2023ರ ಜೂನ್‌ನಿಂದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರು ಹಣ ಕೊಡಬೇಕಾಗಿಲ್ಲ. ಅದರಿಂದ ನನ್ನಂಥವರ ಓದು ಉಳಿಯಿತೆಂಬುದು ನಿಜ; ಕೂರಲು ಜಾಗ ಉಳಿಯಲಿಲ್ಲವೆಂಬುದೂ ನಿಜ. ಬಸ್ಸಿನಲ್ಲಿ ನಿಂತು ಓದಬಹುದು, ನಿಂತು ಬರೆಯಲಾಗದು. ಮಧ್ಯಾಹ್ನ ಎರಡರವರೆಗೆ ತರಗತಿ, ಮೂರರಿಂದ ಏಳೂವರೆಯವರೆಗೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಎಂಟರ ಬಸ್ಸಿಗೆ ಮತ್ತೆ ಊರು. ಊಟ ಮುಗಿದು, ಪಾತ್ರೆ ತೊಳೆದು, ಅವ್ವ ಮಲಗಿದ ಮೇಲೆ ಉಳಿಯುವ ಒಂದು ಗಂಟೆ ದೇಶಕ್ಕೆ.

ಈ ಜೆರಾಕ್ಸ್ ಅಂಗಡಿಯ ವಿಚಾರ ಸ್ವಲ್ಪ ಹೇಳಬೇಕು. ಜನವರಿಯ ಎರಡನೆಯ ವಾರದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರ ಹಳೆಯ ಪ್ರಬಂಧವೊಂದು ನಮ್ಮ ಯಂತ್ರದ ಗಾಜಿನ ಮೇಲೆ ಬಂದು ಮಲಗಿತು. ಅದೇ ವಿಷಯ, ಅದೇ ಇಪ್ಪತ್ತು ಪುಟ. ಅಂದು ಒಬ್ಬರು ಪ್ರತಿ ತೆಗೆಸಿದರು, ಮಾರನೆಯ ದಿನ ನಾಲ್ವರು, ವಾರ ಮುಗಿಯುವುದರೊಳಗೆ ಅದರ ಎಷ್ಟು ಪ್ರತಿಗಳು ನನ್ನ ಕೈಯಿಂದಲೇ ಹೊರಟವೋ ಲೆಕ್ಕವಿಡಲಿಲ್ಲ. ಕೈಬರಹದ ನಿಬಂಧನೆಯನ್ನು ಯಾರೂ ಮುರಿಯಲಿಲ್ಲವೆನ್ನಿ. ಎಲ್ಲರೂ ಪ್ರತಿಯನ್ನು ಮನೆಗೊಯ್ದು ಕೈಯಿಂದಲೇ ನಕಲು ಮಾಡಿದರು. ಆ ಮೂಲಪ್ರತಿಯಲ್ಲಿ ಭಾರತಮಾತೆಗೆ ಹದಿನಾರು ವಿಶೇಷಣಗಳಿದ್ದುವು, ಹುತಾತ್ಮರ ನೆತ್ತರು ಪುಟಕ್ಕೆರಡು ಸಲ ಹರಿದಿತ್ತು, ಮತ್ತು ಸಂವಿಧಾನವು 1950ರ ಆಗಸ್ಟ್ 15ರಂದು ಜಾರಿಗೆ ಬಂದಿತೆಂದು ಬರೆದಿತ್ತು. ಆ ತಪ್ಪೂ ಭಕ್ತಿಯಿಂದಲೇ ನಕಲಾಗುತ್ತಿತ್ತು. ನಾನೂ ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡೆ. ಮೂರು ದಿನ ಅದು ನನ್ನ ಚೀಲದಲ್ಲಿತ್ತು. ಅದನ್ನು ಮರೆಮಾಡಿ ಈಗ ಸಾಧುವಾಗಲಾರೆ.

ಅಷ್ಟರಲ್ಲಿ ನಮ್ಮ ಐವರ ಸಮಿತಿ ಕರಗತೊಡಗಿತ್ತು. ಎನ್‌.ಸಿ.ಸಿ.ಯ ಗೆಳತಿ ಗಣರಾಜ್ಯೋತ್ಸವದ ಶಿಬಿರಕ್ಕೆ ಆಯ್ಕೆಯಾಗಿ ದೆಹಲಿಗೆ ಹೊರಟುಹೋದಳು. ದೇಶಭಕ್ತಿಯ ಪ್ರಬಂಧ ಬರೆಯಲು ದೇಶಭಕ್ತಿಯೇ ಅಡ್ಡ ಬಂತೆಂದು ನಕ್ಕೆವು. ಇನ್ನೊಬ್ಬಳ ತಂದೆಗೆ ಕಾಯಿಲೆ. ಅವಳು ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ರಾತ್ರಿಗಳನ್ನು ಕಳೆಯುತ್ತಿದ್ದಳು. ಮೂರನೆಯವನು ಸಂಜೆಯಾದರೆ ಬೈಕಿನ ಹಿಂದೆ ಊಟದ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ತಲಪಿಸುವ ಕೆಲಸಕ್ಕೆ ಹೋಗುತ್ತಾನೆ. ಫೋನು ಮಾಡಿದರೆ ಗಾಳಿಯ ಸದ್ದು, ಅದರ ನಡುವೆ “ನಾಳೆ ಖಂಡಿತ” ಎಂಬ ಮಾತು. ನಾಲ್ಕನೆಯವನು ಎಲ್ಲಿಗೂ ಹೋಗಲಿಲ್ಲ. ಪ್ರತಿದಿನವೂ ಬಂದ, ಪ್ರತಿದಿನವೂ ತಕರಾರು ತೆಗೆದ, ಒಂದು ಸಾಲನ್ನೂ ಬರೆಯಲಿಲ್ಲ. ಶೀರ್ಷಿಕೆಯಿಂದಲೇ ಅವನ ಜಗಳ: “ದೇಶಪ್ರೇಮ ಎನ್ನಬಾರದೆ? ಭಕ್ತಿಯಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ.”

ಒಂದು ಸಂಜೆ ಸಿಟ್ಟಿನಲ್ಲಿ ಹಾಳೆ ತೆಗೆದು, ಮುಖಪುಟದಲ್ಲಿ ನನ್ನದೊಂದೇ ಹೆಸರು ಬರೆದೆ. ಅಧ್ಯಾಪಕರ ಮಾತು ಬೆನ್ನಿಗಿತ್ತು. ಊಟದ ಪೆಟ್ಟಿಗೆಯವನಿಗೆ ಈ ಹತ್ತು ಅಂಕ ತಪ್ಪಿದರೆ ಆಂತರಿಕ ಅಂಕದಲ್ಲಿ ಅವನು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಆ ವಾರವೇ ಸಂಶೋಧನೆ ಮಾಡುವವರೊಬ್ಬರು ಸಂವಿಧಾನ ರಚನಾ ಸಭೆಯ ಚರ್ಚೆಗಳ ಒಂದು ಕಟ್ಟನ್ನು ಪ್ರತಿ ತೆಗೆಯಲು ಕೊಟ್ಟುಹೋದರು. ನಮ್ಮ ಯಂತ್ರಕ್ಕೆ ವಯಸ್ಸಾಗಿದೆ. ಒಂದು ಹಾಳೆ ಹೊರಬರುವುದರೊಳಗೆ ಇನ್ನೊಂದನ್ನು ಅರ್ಧ ಓದಬಹುದು. ಹಾಗೆ ಕಣ್ಣಿಗೆ ಬಿದ್ದದ್ದು 1948ರ ನವೆಂಬರ್ 5ರಂದು ಟಿ. ಟಿ. ಕೃಷ್ಣಮಾಚಾರಿಯವರು ಆಡಿದ ಮಾತು. ಕರಡು ಸಮಿತಿಗೆ ನೇಮಕವಾದವರು ಏಳು ಜನ. ಅವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಅವರ ಸ್ಥಾನಕ್ಕೆ ಇನ್ನೊಬ್ಬರು ಬಂದರು. ಒಬ್ಬರು ತೀರಿಕೊಂಡರು. ಒಬ್ಬರು ಅಮೆರಿಕದಲ್ಲಿದ್ದರು. ಒಬ್ಬರು ಸಂಸ್ಥಾನಗಳ ಕೆಲಸದಲ್ಲಿ ಮುಳುಗಿದ್ದರು. ಒಬ್ಬಿಬ್ಬರು ದೆಹಲಿಯಿಂದ ದೂರವಿದ್ದು, ಆರೋಗ್ಯ ಸರಿಯಿಲ್ಲದೆ ಸಭೆಗೆ ಬರಲಾಗಲಿಲ್ಲ. ಕೊನೆಗೆ ಬರೆಯುವ ಭಾರವೆಲ್ಲ ಡಾ. ಅಂಬೇಡ್ಕರರ ಮೇಲೆಯೇ ಬಿದ್ದಿತು. ಅಂಬೇಡ್ಕರರು ಆಗ ದೇಶದ ಕಾನೂನು ಮಂತ್ರಿಯೂ ಹೌದು, ಸಿಹಿಮೂತ್ರದ ರೋಗಿಯೂ ಹೌದು.

ನಾನು ಯಂತ್ರ ನಿಲ್ಲಿಸಿ ಅದನ್ನು ಇನ್ನೊಮ್ಮೆ ಓದಿದೆ. ಏಳು ಜನರ ಗುಂಪು, ಒಬ್ಬರ ಬರವಣಿಗೆ! ಮೊದಲು ಉಂಟಾದದ್ದು ಸಂತೋಷವೆಂದೇ ಹೇಳಬೇಕು. ನನ್ನ ಕಷ್ಟಕ್ಕೆ ಇಷ್ಟು ದೊಡ್ಡ ಸಾಕ್ಷಿ ಸಿಕ್ಕಿತೆಂಬ ಹುಡುಗಾಟದ ಸಂತೋಷ. ಆಮೇಲೆ ಆ ಏಳು ಜನರ ಹೆಸರುಗಳನ್ನು ಹುಡುಕಿ ಓದಿದಾಗ ಬೇರೊಂದು ಸಿಕ್ಕಿತು. ರಾಜೀನಾಮೆ ಕೊಟ್ಟ ಬಿ. ಎಲ್. ಮಿತ್ತರ್ ಅವರ ಸ್ಥಾನಕ್ಕೆ ಬಂದವರು ಎನ್. ಮಾಧವರಾವ್. ಅವರು 1941ರಿಂದ 1946ರವರೆಗೆ ನಮ್ಮ ಮೈಸೂರು ಸಂಸ್ಥಾನದ ದಿವಾನರು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿ ತನ್ನದೇ ಸರ್ಕಾರ ಕಟ್ಟಿಕೊಂಡದ್ದು, 1943ರ ಮಾರ್ಚಿಯಲ್ಲಿ ಅಲ್ಲಿನ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಿದ್ದು ಅವರು ದಿವಾನರಾಗಿದ್ದ ಕಾಲದಲ್ಲೇ. ಐದು ವರ್ಷಗಳ ಮೇಲೆ ಅದೇ ಮಾಧವರಾಯರು ಸ್ವತಂತ್ರ ಭಾರತದ ಸಂವಿಧಾನದ ಕರಡನ್ನು ತಿದ್ದುವವರಲ್ಲಿ ಒಬ್ಬರು. ಇದನ್ನು ಪ್ರಬಂಧದಲ್ಲಿ ಎಲ್ಲಿಡುವುದು? ಜೆರಾಕ್ಸಿನ ಪ್ರಬಂಧದಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಎಲ್ಲರೂ ಒಂದೇ ಬಣ್ಣದ ವೀರರು.

ನನಗೆ ದಿನವೂ ಎದುರಾಗುವ ಹೆಸರೊಂದಿದೆ. ಕಾಲೇಜಿಗೆ ಹೋಗುವಾಗ ಬಸ್ಸು ರಾಮಸ್ವಾಮಿ ವೃತ್ತವನ್ನು ದಾಟುತ್ತದೆ. ‘ರಾಮಸ್ವಾಮಿ ಸರ್ಕಲ್, ಇಳೀರಿ ಬೇಗ’ ಎಂಬ ಕಂಡಕ್ಟರರ ಕೂಗನ್ನು ಎರಡು ವರ್ಷ ಕೇಳಿದ್ದೆ. ರಾಮಸ್ವಾಮಿ ಯಾರೆಂದು ಒಮ್ಮೆಯೂ ಕೇಳಿರಲಿಲ್ಲ. ಅವನು ವಿದ್ಯಾರ್ಥಿ. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳೂ ಆಗದಿದ್ದಾಗ, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ಹುಡುಗ. ಮರುತಿಂಗಳು ಸಂಸ್ಥಾನ ಒಪ್ಪಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅವನ ಪುಸ್ತಕಗಳನ್ನು ಯಾರು ಎತ್ತಿಟ್ಟರೋ, ಅವನು ಬರೆಯಬೇಕಾಗಿದ್ದ ಪಾಠ ಯಾವುದು ಉಳಿದಿತ್ತೋ! ಇದನ್ನು ಬರೆದು, ‘ನೆತ್ತರು’ ಎಂಬ ಮಾತನ್ನು ಹೊಡೆದುಹಾಕಿದೆ. ಅದು ಅವನಿಗೆ ಬೇಕಾಗಿರಲಿಲ್ಲ.

ಚೀಲದಲ್ಲಿದ್ದ ಪ್ರತಿಯನ್ನು ಅಂದು ರಾತ್ರಿ ಒಲೆಗೆ ಹಾಕಿದೆನೆಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಕಲಿಲ್ಲ; ಅದರ ಹಿಂಬದಿಯ ಖಾಲಿ ಪುಟಗಳಲ್ಲಿ ನನ್ನ ಕರಡು ಬರೆದೆ. ಕಾಗದದ ಬೆಲೆ ಅಂಗಡಿಯಲ್ಲಿರುವವರಿಗೆ ಗೊತ್ತು.

ಕಟ್ಟಿನ ಕೊನೆಯ ಭಾಗದಲ್ಲಿ 1949ರ ನವೆಂಬರ್ 25ರ ಅಂಬೇಡ್ಕರರ ಭಾಷಣವಿತ್ತು. ಒಂದು ವರ್ಷದ ಹಿಂದೆ ಕೃಷ್ಣಮಾಚಾರಿಯವರು ಸಭೆಯ ಮುಂದೆಯೇ ಭಾರವೆಲ್ಲ ಇವರೊಬ್ಬರದೆಂದು ಹೇಳಿ ಆಗಿದೆ. ಇನ್ನು ಇವರು ಸುಮ್ಮನಿದ್ದರೂ ಸಾಕಾಗಿತ್ತು. ಆದರೆ ಅಂಬೇಡ್ಕರರು ಎದ್ದುನಿಂತು ಕೀರ್ತಿಯನ್ನು ಹಂಚಿಬಿಟ್ಟರು. ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟ ಬೆನಗಲ್ ನರಸಿಂಗರಾಯರಿಗೆ ಒಂದು ಪಾಲು. ಇವರು ಮಂಗಳೂರಿನವರು, ಸಂಬಳವಿಲ್ಲದೆ ದುಡಿದವರು. 141 ದಿನ ಕುಳಿತ ಸಮಿತಿಯ ಸದಸ್ಯರಿಗೆ ಒಂದು ಪಾಲು. ತೊಡಕಿನ ವಿಚಾರವನ್ನು ತಿಳಿಯಾದ ಕಾನೂನಿನ ಮಾತಿಗೆ ಇಳಿಸಿದ ಎಸ್. ಎನ್. ಮುಖರ್ಜಿಯವರಿಗೆ ಇನ್ನೂ ದೊಡ್ಡ ಪಾಲು. ಅವರ ಕೈಕೆಳಗೆ ನಡುರಾತ್ರಿಯ ಆಚೆಗೂ ದುಡಿದ ಸಿಬ್ಬಂದಿಗೂ ಕೃತಜ್ಞತೆ. ಇಷ್ಟಕ್ಕೂ ನಿಲ್ಲಲಿಲ್ಲ. ಹೆಜ್ಜೆಹೆಜ್ಜೆಗೂ ತಕರಾರು ತೆಗೆದವರನ್ನೂ ಹೆಸರು ಹಿಡಿದು ಸ್ಮರಿಸಿದರು. ಅವರಿಲ್ಲದಿದ್ದರೆ ಸಭೆಯ ಕಲಾಪ ಸಪ್ಪೆಯಾಗುತ್ತಿತ್ತೆಂಬುದು ಅವರ ಭಾವ. ಆ ತಕರಾರಿನವರಲ್ಲಿ ಮೊದಲ ಹೆಸರು ಎಚ್. ವಿ. ಕಾಮತ್, ಅವರೂ ಮಂಗಳೂರಿನಲ್ಲೇ ಹುಟ್ಟಿದವರು. ಸಭೆಗೆ ಬಂದ ತಿದ್ದುಪಡಿಗಳು 7,635, ಮಂಡಿತವಾದವು 2,473. ನಮ್ಮ ತಕರಾರಿನ ಗೆಳೆಯ ನೆನಪಿಗೆ ಬಾರದಿರುವುದು ಹೇಗೆ? ಅದೇ ಭಾಷಣದಲ್ಲಿ ಅಂಬೇಡ್ಕರರು, ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾದೀತು, ರಾಜಕಾರಣದಲ್ಲಿ ವ್ಯಕ್ತಿಯ ಮೇಲಿನ ಭಕ್ತಿ ಅಧೋಗತಿಗೆ ದಾರಿ ಎಂಬರ್ಥದ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಅದನ್ನು ಅವನಿಗೆ ತೋರಿಸಿದೆ. ಅವನು ಗೆದ್ದವನಂತೆ ನಗುತ್ತ, ಇನ್ನೊಂದು ಹಾಕಿದ: ಮೂಲ ಸಂವಿಧಾನದಲ್ಲಿ ಪೌರರ ಕರ್ತವ್ಯಗಳ ಪಟ್ಟಿಯೇ ಇರಲಿಲ್ಲ, ಹತ್ತು ಕರ್ತವ್ಯಗಳು ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ, ಹನ್ನೊಂದನೆಯದು ಬಂದದ್ದು 2002ರಲ್ಲಿ, ಆ ಹತ್ತರಲ್ಲಿ ಪ್ರಶ್ನಿಸುವ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಒಂದು. “ನಾನು ಕರ್ತವ್ಯ ಮಾಡುತ್ತಿದ್ದೇನೆ ಕಣೇ” ಎಂದ. ಒಂಬತ್ತನೆಯ ಪುಟ ಹೀಗೆ ತುಂಬಿತು.

ಇಪ್ಪತ್ತಮೂರನೆಯ ತಾರೀಖಿನ ಸಂಜೆ ಊಟದ ಪೆಟ್ಟಿಗೆಯವನು ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ನನ್ನನ್ನು ನೋಡಲು ಬಂದವನಲ್ಲ. ಪಕ್ಕದ ಹೋಟೆಲಿನಲ್ಲಿ ಯಾರದೋ ಊಟ ಕಟ್ಟುವುದು ತಡವಾಗಿತ್ತು. ನಾನು ಮಾತಾಡಲಿಲ್ಲ. ಅವನೇ ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡು ಹೆಲ್ಮೆಟ್ಟು ತೆಗೆಯದೆಯೇ ಓದತೊಡಗಿದ. ಹದಿನೇಳನೆಯ ಪುಟದಲ್ಲಿ ಬೆರಳಿಟ್ಟು, “ಇದು ತಪ್ಪು” ಎಂದ. ಸಂವಿಧಾನ ಪೂರ್ತಿಯಾಗಿ 1950ರ ಜನವರಿ 26ರಂದು ಜಾರಿಗೆ ಬಂತೆಂದು ನಾನು ಬರೆದಿದ್ದೆ. ಅವನು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವವನು, ಅನುಚ್ಛೇದಗಳು ಬಾಯಿಪಾಠ. “394 ನೋಡು. ಪೌರತ್ವದ ಅನುಚ್ಛೇದಗಳು, ಚುನಾವಣೆಯದು, ಇನ್ನು ಕೆಲವು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ನಾವು ಪೌರರಾದದ್ದು ಮೊದಲು, ಗಣರಾಜ್ಯವಾದದ್ದು ಎರಡು ತಿಂಗಳ ಮೇಲೆ.” ಅಷ್ಟರಲ್ಲಿ ಹೋಟೆಲಿನವರು ಕೂಗಿದರು. ಪೊಟ್ಟಣ ಹಿಡಿದು ಹೊರಟವನು ಬೈಕಿನ ಮೇಲಿನಿಂದಲೇ, “ನನ್ನ ಹೆಸರು ಬೇಡ ಬಿಡು, ನಾನೇನೂ ಬರೆದಿಲ್ಲ” ಎಂದ.

ನಾನು ಆ ರಾತ್ರಿ ಮುಖಪುಟವನ್ನು ಹರಿದು ಹೊಸದಾಗಿ ಬರೆದೆ. ಐದು ಹೆಸರು; ಪ್ರತಿ ಹೆಸರಿನ ಕೆಳಗೂ ಆ ವ್ಯಕ್ತಿ ಮಾಡಿದ್ದೆಷ್ಟು, ಮಾಡಲಾಗದ್ದೇಕೆ ಎಂದು ಎರಡು ಸಾಲು. ಹೆಚ್ಚಿಲ್ಲ, ಕಡಮೆಯಿಲ್ಲ. ದೆಹಲಿಯ ಗೆಳತಿ ಫೋನಿನಲ್ಲಿ ಹೇಳಿ ಕಳಿಸಿದ್ದ ಮಾತನ್ನು ಅವಳ ಹೆಸರಿನಲ್ಲೇ ಹದಿನೆಂಟನೆಯ ಪುಟಕ್ಕೆ ಸೇರಿಸಿದೆ: ಬೆಳಗಿನ ಜಾವದ ಚಳಿ, ಜೋಮು ಹಿಡಿದ ಕಾಲು, ಪಕ್ಕದ ನಾಗಾಲ್ಯಾಂಡಿನ ಹುಡುಗಿ ಕೊಟ್ಟ ಅರ್ಧ ಬಿಸ್ಕತ್ತು. ಆಸ್ಪತ್ರೆಯ ಗೆಳತಿಯ ಹೆಸರಿನ ಕೆಳಗೆ, ‘ಬರಲಾಗಲಿಲ್ಲ, ತಂದೆಯವರಿಗೆ ಅಸ್ವಾಸ್ಥ್ಯ’ ಎಂದು ಮಾತ್ರ ಬರೆದೆ. ಅವಳ ಮಟ್ಟಿಗೆ ನಾನು ಮಾಡಿದ್ದು ಸರಿಯೋ ತಪ್ಪೋ ಈಗಲೂ ನಿಶ್ಚಯವಿಲ್ಲ.

ಉಳಿದದ್ದು ನೇರ ಕೂಲಿ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಎಂಬವರು ಇಂಗ್ಲಿಷ್ ಸಂವಿಧಾನದ ಮೂಲಪ್ರತಿಯನ್ನು ಸುಮಾರು ಆರು ತಿಂಗಳು ಕುಳಿತು ಕೈಯಿಂದ ಬರೆದರು; ಹಣ ಕೇಳಲಿಲ್ಲ, ಪುಟಪುಟದಲ್ಲೂ ತಮ್ಮ ಹೆಸರಿರಲಿ ಎಂದಷ್ಟೆ ಕೇಳಿದರು. ಆ ಪುಟಗಳಿಗೆ ಚಿತ್ರ ಬರೆದವರು ಶಾಂತಿನಿಕೇತನದ ನಂದಲಾಲ್ ಬೋಸರು ಮತ್ತು ಅವರ ವಿದ್ಯಾರ್ಥಿಗಳು. ಇಪ್ಪತ್ತು ಪುಟಕ್ಕೇ ನನ್ನ ನಡುಬೆರಳಿನಲ್ಲಿ ಗುಳ್ಳೆ ಎದ್ದಿತು. ಅವ್ವ ನಡುವೆ ಎದ್ದು, “ಯಾರಿಗವ್ವಾ ಇಷ್ಟು ದೊಡ್ಡ ಕಾಗದ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಲಗಿದಳು.

ಮರುದಿನದ ಗಡುವಿಗೆ ಹತ್ತು ನಿಮಿಷ ಉಳಿದಿರುವಾಗ ಅಧ್ಯಾಪಕರ ಕೊಠಡಿ ಸೇರಿದೆ. ಮೇಜಿನ ಮೇಲೆ ಪ್ರಬಂಧಗಳ ರಾಶಿ. ಮೇಲಿನ ನಾಲ್ಕೈದರ ಮೊದಲ ಸಾಲು ನನಗೆ ಬಾಯಿಪಾಠವಾಗಿತ್ತು. ಅವರು ನಮ್ಮ ಮುಖಪುಟವನ್ನು ನಿಧಾನವಾಗಿ ಓದಿದರು. ಕನ್ನಡಕ ಮೇಲೇರಿಸಿ ಒಂದು ಹೆಸರಿನ ಮೇಲೆ ಬೆರಳಿಟ್ಟು, “ಇವನು ಬರೆದದ್ದೆಷ್ಟಮ್ಮ?” ಎಂದರು.

“ಬರೆದಿಲ್ಲ ಸಾರ್. ಹದಿನೇಳನೆಯ ಪುಟದ ತಪ್ಪು ಹಿಡಿದವನು ಅವನು.”

ಅವರು ಹದಿನೇಳನೆಯ ಪುಟ ತಿರುವಿದರು, ಓದಿದರು. ಡ್ರಾಯರಿನಿಂದ ಸಂವಿಧಾನದ ಪ್ರತಿ ತೆಗೆದು 394ನೆಯ ಅನುಚ್ಛೇದವನ್ನು ಹುಡುಕಿದರು. ನಂತರ ಮುಖಪುಟಕ್ಕೆ ತಾರೀಖಿನ ಮುದ್ರೆ ಒತ್ತಿ, ಪ್ರಬಂಧವನ್ನು ರಾಶಿಯ ಮೇಲಿಡದೆ ಪಕ್ಕಕ್ಕಿಟ್ಟರು. ನನಗೆ ಎರಡನೆಯ ಗಂಟೆಯ ತರಗತಿಗೆ ಹೊತ್ತಾಗಿತ್ತು. ಅಂಕಗಳನ್ನು ಇನ್ನೂ ಫಲಕಕ್ಕೆ ಹಾಕಿಲ್ಲ.