ಆಲೆ ಮರ ಹುಡುಕಿಸಿದ ಆಶ್ವಯುಜ



ರಾಗಿಗೆ ಕುಂಟೆ ಹೊಡೆದು, ಕಳೆ ಕಿತ್ತು, ಹೊಡೆ ಬಿಚ್ಚಿ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ನಮ್ಮಂಥ ಬಯಲುಸೀಮೆಯ ಒಕ್ಕಲಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ಹಿಂದಿನವರು ಈ ಬಿಡುವಿನಲ್ಲಿ ನೆಂಟರ ಊರಿಗೆ ಹೋಗುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು, ಕಣಕ್ಕೆ ಬೇಕಾದ ಮೊರ, ಕುಕ್ಕೆಗಳಿಗೆ ಮೇದರಿಗೆ ಹೇಳಿಬರುತ್ತಿದ್ದರು. ನಾವು ಈಗ ಮೊಬೈಲು ಹಿಡಿದು ಜಗಲಿಯ ಮೇಲೆ ಕೂರುತ್ತೇವೆ. ನಾನೂ ಅದೇ ಸಾಲಿನವನೇ. ಆದರೆ 2024ರ ಆಶ್ವಯುಜ ಮಾಸವನ್ನು, ಅಂದರೆ ಅಕ್ಟೋಬರ್ 3ರಿಂದ ನವೆಂಬರ್ 1ರ ಅಮಾವಾಸ್ಯೆಯವರೆಗಿನ ದಿನಗಳನ್ನು, ನಾನು ಮನೆಯಲ್ಲಿ ಕಳೆದದ್ದಕ್ಕಿಂತ ಹೊರಗೆ ತಿರುಗಿದ್ದೇ ಹೆಚ್ಚು. ಆ ತಿರುಗಾಟದಲ್ಲಿ ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು. ಅದರಲ್ಲಿ ನನ್ನದೇ ಒಂದು ತಪ್ಪಿನ ಲೆಕ್ಕವೂ ಇದೆ.

ಮೊದಲು ಆ ತಪ್ಪನ್ನೇ ಹೇಳಿಬಿಡುತ್ತೇನೆ. ತಿಪಟೂರು ಸೀಮೆಯಲ್ಲಿ ನನಗೆ ನಾಲ್ಕು ಎಕರೆ ಹೊಲ. ಮೂಡಣ ಬದುವಿನ ಮೇಲೆ ಆರು ಆಲೆ ಮರಗಳಿದ್ದವು. ನೆಟ್ಟವರು ಯಾರೂ ಅಲ್ಲ, ತಾವಾಗಿ ಹುಟ್ಟಿದವು. 2019ರಲ್ಲಿ ಬದು ನೇರ ಮಾಡಿಸಲು ಜೆಸಿಬಿ ತರಿಸಿದಾಗ ಅವನ್ನು ಬುಡಸಮೇತ ಕೀಳಿಸಿ ಸೌದೆಯವನಿಗೆ ಕೊಟ್ಟೆ. ಬಂದ ಹಣ ಯಂತ್ರದ ಅರ್ಧ ದಿನದ ಬಾಡಿಗೆಗೂ ಸಾಲಲಿಲ್ಲ. ಮರ ಕಡಿಯುವ ಮುನ್ನ ಒಪ್ಪಿಗೆ ಬೇಕೇ ಎಂದು ವಿಚಾರಿಸುವ ಬುದ್ಧಿಯೂ ಆಗ ಬರಲಿಲ್ಲ. ಉಳುಮೆಗೆ ಎರಡು ಸಾಲು ಹೆಚ್ಚು ಸಿಕ್ಕಿತೆಂದು ಹಿಗ್ಗಿದ್ದೇ ಹಿಗ್ಗಿದ್ದು.

ಚನ್ನಪಟ್ಟಣದ ಚಕ್ರದ ಮುಂದೆ

ನವರಾತ್ರಿಯ ಮೊದಲ ವಾರದಲ್ಲಿ ಮೊಮ್ಮಗಳಿಗೆ ಗೊಂಬೆ ತರುವ ನೆಪ ಮಾಡಿಕೊಂಡು ತುರುವೇಕೆರೆ, ಕುಣಿಗಲ್, ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬಂದು ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಬಣ್ಣದ ಗೊಂಬೆಯ ಅಂಗಡಿಗಳನ್ನು ನೀವೂ ನೋಡಿರುತ್ತೀರಿ. ನಾನು ಅಂಗಡಿ ಬಿಟ್ಟು ಒಳಬೀದಿಗೆ ನಡೆದೆ. ಅಲ್ಲಿ ಒಬ್ಬ ಹಿರಿಯ ಕುಶಲಕರ್ಮಿ ಲೇತ್ ಯಂತ್ರದ ಮುಂದೆ ಕುಳಿತು ಗಿಲಕಿ ಕಡೆಯುತ್ತಿದ್ದರು. ಬೆಳ್ಳನೆಯ ಮರದ ತುಂಡು ಗಿರಗಿರನೆ ತಿರುಗುತ್ತಿತ್ತು. ಉಳಿ ತಾಗಿದಲ್ಲಿ ಹೆರೆತುರಿ ತೆಂಗಿನ ತುರಿಯ ಹಾಗೆ ಉದುರುತ್ತಿತ್ತು. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಒಲೆಯಿಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಕೊನೆಗೆ ಕೇದಗೆಯ ಒಣ ಎಲೆಯನ್ನು ಅದುಮಿ ಹಿಡಿದರೆ ಕನ್ನಡಿಯ ಹೊಳಪು.

ಅರಗು ಎಂದರೆ ಬೇರೇನಲ್ಲ, ಮುತ್ತುಗ, ಬೋರೆಯಂಥ ಮರಗಳ ಎಳೆ ಕೊಂಬೆಯಲ್ಲಿ ಕೂರುವ ಒಂದು ಸಣ್ಣ ಹುಳು ಸ್ರವಿಸುವ ಅಂಟು. ನಮ್ಮ ದೇಶದಲ್ಲಿ ಇದು ಅತಿ ಹೆಚ್ಚು ಬರುವುದು ಜಾರ್ಖಂಡಿನಿಂದ. ಈ ಕಸುಬಿಗೆ ಟಿಪ್ಪು ಸುಲ್ತಾನನ ಆಶ್ರಯವಿತ್ತೆಂದು ಊರವರು ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜಪಾನಿನ ಅರಗಿನ ಕೆಲಸ ಕಲಿತು ಇಲ್ಲಿಗೆ ತಂದ ಬಾವಾಸ್ ಮಿಯಾ ಅವರನ್ನು ಇಂದಿಗೂ ನೆನೆಯುತ್ತಾರೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂದಿದೆ. ಇದೆಲ್ಲ ಸರಿ.

‘ಇದು ಯಾವ ಮರ ಸ್ವಾಮಿ?’ ಎಂದು ಕೇಳಿದೆ.

‘ಆಲೆ ಮರ. ನಿಮ್ಮ ಕಡೆ ಬದುವಿನಲ್ಲಿ ಇರಬೇಕಲ್ಲ? ಈಗ ಹುಡುಕಿಕೊಂಡು ಹೋಗಬೇಕು. ಸಿಗದಿದ್ದರೆ ರಬ್ಬರ್ ಮರದಲ್ಲೇ ಮಾಡುತ್ತೇವೆ’ ಎಂದರು.

ನನ್ನ ನಾಲಿಗೆ ಒಣಗಿತು. ನಾನು ಸೌದೆಗೆ ಹಾಕಿದ ಮರ ಅದೇ! ಆಲೆಯ ಮರ ಬಿಳುಪು, ಹಗುರ, ನುಣುಪಾದ ಎಳೆ. ಉಳಿಗೆ ಸಿಡಿಯದು, ಅರಗನ್ನು ಚೆನ್ನಾಗಿ ಹಿಡಿಯುತ್ತದೆ. ಮಗು ಬಾಯಿಗಿಟ್ಟು ಚೀಪುವ ಗಿಲಕಿಗೆ ಇದಕ್ಕಿಂತ ಬೇಕೇ? ಹಸಿ ದಿಮ್ಮಿಯನ್ನು ತಂದು ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸಿ ಕಡೆಯುತ್ತಾರೆ. ಆ ಒಣಗು ಹಾಕುವ ಜಾಗ ನಾನು ನೋಡಿದಾಗ ಮುಕ್ಕಾಲು ಪಾಲು ಖಾಲಿ. ಗೊಂಬೆ ಕೊಂಡೆ. ನನ್ನ ಬದುವಿನ ಕಥೆಯನ್ನು ಮಾತ್ರ ಅವರಿಗೆ ಹೇಳಲಾಗಲಿಲ್ಲ.

ಸಾಗರದ ಭೂಮಿ ಹುಣ್ಣಿಮೆ

ವಿಜಯದಶಮಿ ಮುಗಿಸಿ ಅರಸೀಕೆರೆಯಲ್ಲಿ ತಾಳಗುಪ್ಪದ ರೈಲು ಹತ್ತಿದೆ. ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಹಳೆಯ ಸ್ನೇಹಿತರೊಬ್ಬರಿದ್ದಾರೆ, ದೀವರ ಮನೆ. ಹೋದಾಗ ಮನೆಯ ಅಜ್ಜಿ ಜಗಲಿಯ ಮೇಲೆ ಬಿದಿರಿನ ಎರಡು ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದರು, ಒಂದು ದೊಡ್ಡದು, ಒಂದು ಚಿಕ್ಕದು. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು. ಇದೇ ಭೂಮಣ್ಣಿ ಬುಟ್ಟಿ. ಕುಂಚ ಎಂದರೆ ಅಂಗಡಿಯದಲ್ಲ, ಪುಂಡಿ ನಾರನ್ನು ಜಜ್ಜಿ ಮಾಡಿದ್ದು. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೂ ಇದೇ ಬಣ್ಣಗಳು. ಎಲ್ಲವೂ ಗದ್ದೆ, ಗುಡ್ಡ, ಹಿತ್ತಿಲಿನಿಂದ ಬಂದವೇ.

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಆದರೂ ಗೆರೆ ಅಲುಗುವುದಿಲ್ಲ. ‘ನೀವೂ ಒಂದು ಎಳೆ ಹಾಕಿ’ ಎಂದು ನಾರನ್ನು ನನ್ನ ಕೈಗಿತ್ತರು. ಐವತ್ತು ವರ್ಷ ನೇಗಿಲ ಸಾಲು ನೆಟ್ಟಗೆ ಹೊಡೆದ ಕೈ ಎಂಬ ಹೆಮ್ಮೆಯಿಂದ ಹಾಕಿದೆ. ಗೆರೆ ಸೊಟ್ಟಗೆ ಹೋಗಿ ಅಂಚಿಗೆ ಬಂತು. ಅಜ್ಜಿ ನಗುತ್ತ ಆ ಸೊಟ್ಟ ಗೆರೆಗೆ ಎಲೆಗಳನ್ನು ಹಚ್ಚಿ ಬಳ್ಳಿ ಮಾಡಿಬಿಟ್ಟರು. ಆ ಬಳ್ಳಿಯ ಪಕ್ಕದಲ್ಲಿ ಭತ್ತದ ಸಸಿಗಳ ಸಾಲು ಬಂತು.

ಅಕ್ಟೋಬರ್ 17ರ ಹುಣ್ಣಿಮೆ. ನಮ್ಮ ಕಡೆ ಸೀಗಿ ಹುಣ್ಣಿಮೆ ಎನ್ನುತ್ತೇವೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಹಿಂದಿನ ರಾತ್ರಿ ಆ ಮನೆಯ ಹೆಂಗಸರು ಮಲಗಲೇ ಇಲ್ಲ. ಸೌತೆಕಾಯಿ ಕಡುಬು, ಬಗೆಬಗೆಯ ಸೊಪ್ಪು ಕುಡಿಗಳನ್ನು ಬೆರೆಸಿ ಬೇಯಿಸಿದ ಪದಾರ್ಥ, ಅನ್ನ, ಪಾಯಸ. ಕೋಳಿ ಕೂಗುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೊರಟೆವು. ಮಳೆ ಬಿಟ್ಟು ಒಂದು ತಾಸಾಗಿತ್ತು. ಹಾಳಿಯ ಮೇಲೆ ಜಾರು. ದೊಂದಿಯ ಬೆಳಕಿನಲ್ಲಿ ಒಬ್ಬರ ಹೆಜ್ಜೆ ಮೇಲೆ ಒಬ್ಬರು ಹೆಜ್ಜೆ ಇಡುತ್ತ ಒಂದು ಮೈಲಿ ನಡೆದೆವು. ಎಡಕ್ಕೂ ಬಲಕ್ಕೂ ಹೊಡೆ ತುಂಬಿದ ಭತ್ತ. ಪಂಚೆ ತೊಡೆಯವರೆಗೆ ಒದ್ದೆಯಾಯಿತು. ನನ್ನ ಬಾಳಿನಲ್ಲಿ ಎಷ್ಟೋ ನಡಿಗೆ ನಡೆದಿದ್ದೇನೆ, ಇಷ್ಟು ಮೌನದ ನಡಿಗೆ ನೆನಪಿಲ್ಲ.

ಪೈರು ಬಸುರಿಯಾಗಿದೆ, ಅವಳಿಗೆ ಬಯಕೆಯೂಟ ಬಡಿಸಬೇಕು ಎಂಬುದೇ ಹಬ್ಬದ ಭಾವ. ಮನೆಯಾಕೆ ತನ್ನ ಕೊರಳ ಸರವನ್ನು ತೆಗೆದು ಒಂದು ಬುಡದ ಪೈರಿಗೆ ತೊಡಿಸಿ ಪೂಜೆ ಮಾಡಿದರು. ಗಂಡಸರು ಚರಗವನ್ನು ಗದ್ದೆಯ ಮೂಲೆ ಮೂಲೆಗೆ ಬೀರಿದರು. ಒಂದು ಕಡುಬನ್ನು ಮಣ್ಣಿನಲ್ಲಿ ಹೂತರು, ಕೊಯ್ಲಿನ ದಿನ ತೆಗೆಯಲು. ಆಮೇಲೆ ಹಾಳಿಯ ಮೇಲೆಯೇ ಕುಳಿತು ಎಲ್ಲರೂ ಉಂಡೆವು.

ಮರಳುವಾಗ ಸ್ನೇಹಿತರು ಹೇಳಿದ ಮಾತು ಇದು: ‘ಚಿತ್ತಾರ ಕಲಿಯಲು ಪೇಟೆಯಿಂದ ಜನ ಬರುತ್ತಾರೆ. ಆದರೆ ಪುಂಡಿ ಬೆಳೆಯುವವರು ಊರಲ್ಲಿ ಎರಡೇ ಮನೆ. ಬುಟ್ಟಿ ಹೆಣೆಯುವ ಮೇದರ ಮುದುಕ ಬಿದಿರು ಸಿಗದೆ ಹಳೆಯದನ್ನೇ ಬಿಗಿದುಕೊಟ್ಟ.’ ಓದುಗರಲ್ಲಿ ಬಿದಿರು ಬೆಳೆಯಲು ಅಂಜುವವರು ಇದ್ದರೆ ಇಲ್ಲೊಂದು ಮಾತು ಹೇಳುವೆ. 2017ರಲ್ಲಿ ಕೇಂದ್ರ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ಅರಣ್ಯೇತರ ಜಮೀನಿನಲ್ಲಿ ಬೆಳೆದ ಬಿದಿರನ್ನು ‘ಮರ’ದ ಪಟ್ಟಿಯಿಂದ ಕೈಬಿಡಲಾಗಿದೆ. ಹಿತ್ತಿಲಿನಲ್ಲಿ ಎರಡು ಹಿಂಡಿಲು ಬಿದಿರು ಇದ್ದರೆ ಮೇದರಿಗೂ ಆಯಿತು, ನಿಮ್ಮ ಕಣಕ್ಕೂ ಆಯಿತು.

ಕಂಬಳಿಗೆ ಬಿಸಿಲು ಬೇಕು

ತಿಂಗಳ ಕೊನೆಯ ವಾರ ಹುಳಿಯಾರು, ಹಿರಿಯೂರು ದಾಟಿ ಚಳ್ಳಕೆರೆಗೆ ಹೋದೆ. ನಮ್ಮ ತಂದೆ ಅಲ್ಲಿಂದ ತಂದ ಕರಿ ಕಂಬಳಿ ಇನ್ನೂ ಮನೆಯಲ್ಲಿದೆ. ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ಕಣದಲ್ಲಿ ಹಾಸು, ಮದುವೆಯಲ್ಲಿ ಗದ್ದುಗೆ. ಅಂಚು ಸವೆದಿದೆ, ನಡು ಗಟ್ಟಿಯಾಗಿದೆ. ಅಂಥದೇ ಇನ್ನೊಂದು ತರಬೇಕೆಂಬುದು ನನ್ನ ಆಸೆ.

ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೇಯುವವರ ಮನೆಗೆ ಹೋದರೆ ಮಗ್ಗದ ಗುಂಡಿಯಲ್ಲಿ ಬೆಕ್ಕು ಮಲಗಿತ್ತು. ಎಂಟು ದಿನದಿಂದ ಮೋಡ, ತುಂತುರು. ಕಂಬಳಿಯ ಹಾಸಿಗೆ ಹುಣಸೆ ಬೀಜದ ಗಂಜಿ ಕುಡಿಸಿ, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಕುಂಚಿಗೆಯಿಂದ ತೀಡಿ ಒಣಗಿಸಬೇಕು. ಬಿಸಿಲಿಲ್ಲದೆ ಅದು ಆಗದ ಕೆಲಸ. ಮಳೆ ನನ್ನ ರಾಗಿಗೆ ಬೇಕಿತ್ತು, ಅವರ ಹಾಸಿಗೆ ಬೇಡವಾಗಿತ್ತು!

ಮರುದಿನ ಒಬ್ಬ ಕುರಿಗಾರನ ಜೊತೆ ಅರ್ಧ ದಿನ ನಡೆದೆ. ಮಂದೆಯಲ್ಲಿ ನೂರಕ್ಕೂ ಮಿಕ್ಕಿ ಕುರಿ. ಆದರೆ ಕರಿ ಉಣ್ಣೆಯ ಕುರಿ ನಾನು ಎಣಿಸಿದ್ದು ಹದಿನಾಲ್ಕು. ಮಾಂಸಕ್ಕೆ ಬೆಲೆ ಹೆಚ್ಚಿದಂತೆ ಉದ್ದ ಕಾಲಿನ, ಕೂದಲಷ್ಟೇ ಇರುವ ಟಗರುಗಳನ್ನು ತಂದು ಬಿಟ್ಟರು. ಮರಿ ಬೇಗ ತೂಗುತ್ತದೆ, ಉಣ್ಣೆ ಬರುವುದಿಲ್ಲ. ‘ಉಣ್ಣೆ ಕತ್ತರಿಸುವ ಕೂಲಿ ಉಣ್ಣೆ ಮಾರಿದರೆ ಹುಟ್ಟುವುದಿಲ್ಲ, ನಾನೇನು ಮಾಡಲಿ?’ ಎಂದ. ಅವನನ್ನು ದೂರುವ ಬಾಯಿ ನನಗಿಲ್ಲ. ನಾನು ಆಲೆ ಮರಕ್ಕೆ ಹಾಕಿದ ಲೆಕ್ಕವನ್ನೇ ಅವನು ಕುರಿಗೆ ಹಾಕಿದ್ದ. ಒಂದೇ ವ್ಯತ್ಯಾಸ, ಅವನಿಗೆ ಹೊಟ್ಟೆಯ ಪ್ರಶ್ನೆ, ನನ್ನದು ಎರಡು ಸಾಲಿನ ಆಸೆ.

ಹೊರಡುವ ದಿನ ಬಿಸಿಲು ಬಂತು. ಬೀದಿಯಲ್ಲಿ ಹಾಸು ಹಾಸಿ ಗಂಡ ಹೆಂಡತಿ ಇಬ್ಬರೂ ತೀಡುತ್ತಿದ್ದರು. ಹುಣಸೆ ಬೀಜ ಎಲ್ಲಿಂದ ತರುತ್ತೀರಿ ಎಂದೆ. ಸಂತೆಯಿಂದ ಎಂದರು. ಹುಣಸೆ ಬಡಿದು ಬೀಜ ಬಿಡಿಸುವಾಗ ನಾವು ಬೀಜವನ್ನು ತಿಪ್ಪೆಗೆ ಚೆಲ್ಲುವುದುಂಟು. ಅದು ಕಂಬಳಿಗೂ ಬೇಕು, ಕೊಪ್ಪಳದ ಕಿನ್ನಾಳದವರು ಗೊಂಬೆಗೆ ಮೆತ್ತುವ ಸರಿಗೂ ಬೇಕು. ಕಂಬಳಿಗೆ ಮುಂಗಡ ಕೊಟ್ಟು ಬಂದೆ. ಪುಷ್ಯ ಮಾಸದಲ್ಲಿ ಕೈಗೆ ಬಂತು. ಹೊಸದರಲ್ಲಿ ಚುಚ್ಚುತ್ತದೆ, ಎರಡು ಮಳೆಗಾಲ ಕಳೆದರೆ ಹದವಾಗುತ್ತದೆ.

ಆಲೆ ಬೆಳೆಸುವ ಬಗೆ

ದೀಪಾವಳಿಗೆ ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಸುತ್ತಲ ಹೊಲಗಳಲ್ಲಿ ಉಳಿದಿರುವ ಆಲೆ ಮರ ಹುಡುಕಿದ್ದು. ಮೂರು ಊರು ಸುತ್ತಿದರೆ ಸಿಕ್ಕಿದ್ದು ಒಂಬತ್ತು. ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ಗುರುತು ಹೇಳುತ್ತೇನೆ. ಎಲೆ ಕಿತ್ತರೆ ಹಾಲು ಬರುತ್ತದೆ. ಬೇಸಿಗೆಯಲ್ಲಿ ಬಿಳಿ ಹೂ. ಸಣ್ಣಗೆ ಉದ್ದವಾದ ಕಾಯಿಗಳು ಜೋಡಿಯಾಗಿ ತೂಗುತ್ತವೆ, ಜೋಡಿಯ ತುದಿಗಳು ಒಂದಕ್ಕೊಂದು ಅಂಟಿರುತ್ತವೆ. ಈ ಅಂಟಿದ ತುದಿಯನ್ನು ಮರೆಯಬೇಡಿ. ಕೊಡಸಿಗದ ಕಾಯಿಯೂ ಜೋಡಿಯೇ, ಆದರೆ ತುದಿ ಬಿಡಿ. ಕೆಲವೆಡೆ ಆಲೆಯನ್ನು ಬೆಪ್ಪಾಲೆ ಎಂದೂ ಹಾಲೆ ಎಂದೂ ಕರೆಯುತ್ತಾರೆ. ಕರಾವಳಿಯವರು ಆಟಿ ಅಮಾವಾಸ್ಯೆಯಂದು ತೊಗಟೆಯ ಕಷಾಯ ಕುಡಿಯುವ ಹಾಲೆ ಬೇರೆ ಮರ, ಅದನ್ನು ಇದೆಂದು ತಿಳಿಯಬಾರದು.

ಚಳಿಗಾಲ ಕಳೆಯುವ ಹೊತ್ತಿಗೆ ಕಾಯಿ ಬಲಿತು ಕಂದಾಗುತ್ತದೆ. ಒಡೆದರೆ ಬೀಜ ರೇಷ್ಮೆ ಕೂದಲು ಹಿಡಿದು ಹಾರಿಹೋಗುತ್ತದೆ. ಆದ್ದರಿಂದ ಬಿರಿಯುವ ಮುನ್ನ ಕಿತ್ತು, ಬಟ್ಟೆ ಮುಚ್ಚಿದ ಮೊರದಲ್ಲಿ ಒಣಗಿಸಿ. ಬೀಜವನ್ನು ಬಹಳ ದಿನ ಇಡಬೇಡಿ, ಚೀಲಕ್ಕೆ ಹಾಕಿ ಹದವಾಗಿ ನೀರು ಕೊಟ್ಟು, ಮುಂಗಾರಿನ ಮಳೆ ಕೂತ ಮೇಲೆ ಬದುವಿಗೆ ನೆಡಿ. ಒಣ ಭೂಮಿಯನ್ನು ತಡೆಯುವ ಮರ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ನಾನು ಮಾಡಿದ ಹಾಗೆ ಬೇರುಸಹಿತ ಕಿತ್ತರೆ ಮಾತ್ರ ಮುಗಿಯಿತು. ಕಡಿಯುವ ಕಾಲ ಬಂದಾಗ 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ಒಪ್ಪಿಗೆ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಕೊಡಲಿ ಎತ್ತಿ.

ನಾನು ಅರವತ್ತು ಚೀಲ ಮಾಡಿದೆ, ಮೂವತ್ತೆಂಟು ಹುಟ್ಟಿದವು. 2025ರ ಜೂನ್‌ನಲ್ಲಿ ಬದುವಿನ ಮೇಲೆ ನೆಟ್ಟೆ. ಪಕ್ಕದ ಮನೆಯ ಮೇಕೆಗಳು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡನ್ನು ಮುಗಿಸಿದವು. ಹಾಲು ಬರುವ ಗಿಡವನ್ನು ಮೇಕೆ ಮುಟ್ಟದೆಂದು ಯಾರೋ ಹೇಳಿದ್ದನ್ನು ನಂಬಿದ್ದೆ, ನೀವು ನಂಬಬೇಡಿ. ಉಳಿದವಕ್ಕೆ ಜಾಲಿಮುಳ್ಳು ಕಟ್ಟಿದ್ದೇನೆ. ಮೊಣಕಾಲೆತ್ತರ ಬಂದಿವೆ.